ಸುಣ್ಣದಜ್ಜನ ಬಾಯಿ

ನನ್ನ ಅತ್ತೆ ಒಂದು ಸುಣ್ಣದ ಕುಡಿಕೆಯನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು ಎಂದರೆ ನಿಮಗೆ ನಗು ಬರಬಹುದು. ಆ ಹೊತ್ತಿನಲ್ಲಿ ನನಗೆ ಬರಲಿಲ್ಲ. ಆ ಕುಡಿಕೆಯ ಬಾಯಿ ಯಾವಾಗ ಮುಚ್ಚೀತು ಎಂದು ಮದುವೆಯಾದ ಲಾಗಾಯ್ತಿನಿಂದ ಕಾದು ಕೂತವಳು ನಾನು. ಮುಚ್ಚಿದ ಬಾಯನ್ನು ಡಾಕ್ಟರು ಎಲ್ಲಿ ತೆರೆದುಬಿಡುತ್ತಾರೋ ಎಂಬ ಭಯ ನನ್ನದು.

ನಾವಿರುವುದು ಹುಯೆ ಊರಿನ ಹಳೆಯ ಕೋಟೆಯೊಳಗೆ, ರಾಜರು ಹೋದರೂ ರಾಜರ ಗತ್ತು ಹೋಗದ ಒಂದು ಓಣಿಯಲ್ಲಿ. ಎಲೆಅಡಿಕೆ ಹಾಕುವ ಮುದುಕಿಯರಿರುವ ಮನೆಯಲ್ಲೆಲ್ಲ ಒಂದು ಸುಣ್ಣದ ಕುಡಿಕೆ ಇರುತ್ತದೆ. ಗುಂಡನೆಯ ಹೊಟ್ಟೆ, ಮೇಲೊಂದು ಹಿಡಿ, ಪಕ್ಕದಲ್ಲಿ ಒಂದು ಸಣ್ಣ ಬಾಯಿ. ಎಲೆಗೆ ಸುಣ್ಣ ಹಚ್ಚಿದ ಮೇಲೆ ಕಡ್ಡಿಯನ್ನು ಆ ಬಾಯಿಯ ಅಂಚಿಗೆ ಒರೆಸುತ್ತಾರೆ. ಒರೆಸಿದ ಸುಣ್ಣ ಒಣಗಿ ಒಣಗಿ ಕುಡಿಕೆಗೆ ತುಟಿ ಬರುತ್ತದೆ, ತುಟಿ ದಪ್ಪವಾಗುತ್ತ ಹೋಗಿ ಬಾಯಿ ಕಿರಿದಾಗುತ್ತದೆ, ಒಂದು ದಿನ ಪೂರ್ತಿ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಅದು ಬರೀ ಕುಡಿಕೆಯಾಗಿ ಉಳಿದಿರುವುದಿಲ್ಲ, ಮನೆಯ ಹಿರಿಯನಾಗಿರುತ್ತದೆ. ಸುಣ್ಣದಜ್ಜ ಎಂದೇ ಕರೆಯುತ್ತೇವೆ. ಅಜ್ಜನನ್ನು ಒಡೆಯುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ಆಲದ ಮರದ ಗುಡಿಗೆ ಒಯ್ದು, ಬೇರಿನ ನಡುವೆ ಕೂರಿಸಿ, ಊದುಬತ್ತಿ ಹಚ್ಚಿ ಕೈಮುಗಿದು ಬರಬೇಕು.

ನಮ್ಮ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ಕಟ್ಟಳೆ ಇತ್ತು. ಕುಡಿಕೆ ಯಾರದೋ ಯಜಮಾನಿಕೆ ಅವರದು. ಅಜ್ಜ ಮರದಡಿ ಸೇರಿದ ಮೇಲೆ ಅತ್ತೆಯಾದವಳು ಹೊಸ ಕುಡಿಕೆ ತಂದು ಸೊಸೆಯ ಕೈಗಿಡಬೇಕು, ಅಲ್ಲಿಂದ ಮುಂದೆ ಮನೆ ಸೊಸೆಯದು. ನನ್ನ ಅತ್ತೆಗೂ ಅವರ ಅತ್ತೆಯಿಂದ ಹಾಗೇ ಸಿಕ್ಕಿದ್ದು.

ಯಜಮಾನಿಕೆ ಸಿಕ್ಕರೆ ನಾನೇನು ಸಿಂಹಾಸನ ಏರಬೇಕೆಂದಿರಲಿಲ್ಲ. ನನ್ನ ಆಸೆ ಒಂದು ಜಾಡಿಯದು. ನನ್ನ ತಾಯಿ ಡೊಂಗ್ ಬಾ ಮಾರುಕಟ್ಟೆಯಲ್ಲಿ ಸಿಗಡಿ ಗೊಜ್ಜು ಮಾರುತ್ತಾಳೆ. ಸಿಗಡಿಯನ್ನು ಉಪ್ಪಿನಲ್ಲಿ ಹುಳಿಸಿ ಅರೆದ ಆ ಗೊಜ್ಜು ಒಂದು ಚಮಚ ಬೀಳದಿದ್ದರೆ ಹುಯೆಯಲ್ಲಿ ಸಾರು ಸಾರೇ ಅಲ್ಲ. ಅತ್ತೆಯೂ ಹಾಕುತ್ತಿದ್ದರು, ಆದರೆ ನನ್ನ ತಾಯಿಯದನ್ನು ಮಾತ್ರ ಬಿಟ್ಟು. ಮದುವೆಯ ಮಾರನೆಯ ದಿನ ತವರಿನಿಂದ ತಂದ ಜಾಡಿಯನ್ನು ಅವರು ಕೋಳಿಗೂಡಿನ ಪಕ್ಕ ಇಡಿಸಿದ್ದರು. ತಾಯಿ ವರ್ಷವರ್ಷವೂ ಹೊಸ ಗೊಜ್ಜು ತುಂಬಿಸಿ ಕೊಟ್ಟರೂ ಅಡುಗೆಮನೆಯ ಹೊಸ್ತಿಲು ದಾಟಲು ಆ ಜಾಡಿಗೆ ಅಪ್ಪಣೆ ಇರಲಿಲ್ಲ. ನನ್ನನ್ನೂ ಅವರು ಹೆಸರು ಹಿಡಿದು ಕರೆದದ್ದಿಲ್ಲ. "ಏ ಡೊಂಗ್ ಬಾ, ಅನ್ನ ಆಯ್ತೇನೆ?" ಎಂದೇ ಕೂಗು. ಗಂಡ ಖಿಯೆಮ್ ಒಳ್ಳೆಯವನು. ತಾಯಿ ಮಾತಾಡುವಾಗ ಹೆಂಡತಿಯ ಪರ, ಹೆಂಡತಿ ಮಾತಾಡುವಾಗ ತಾಯಿಯ ಪರ, ಇಬ್ಬರೂ ಒಟ್ಟಿಗೆ ಮಾತಾಡಿದರೆ ಸ್ಕೂಟರ್ ತೊಳೆಯಲು ಹೊರಗೆ ಹೋಗುತ್ತಾನೆ. ನಮ್ಮ ಸ್ಕೂಟರಿನಷ್ಟು ಶುಭ್ರವಾದ ಸ್ಕೂಟರ್ ಇಡೀ ಕೋಟೆಯಲ್ಲಿ ಇಲ್ಲ.

ಹಾಗೆ ನೋಡಿದರೆ ಅತ್ತೆಯ ಹೆಸರನ್ನೂ ಯಾರೂ ಹೇಳುವುದಿಲ್ಲ. ಹಿರಿಯರ ಹೆಸರು ಬಾಯಲ್ಲಿ ಬರಬಾರದು. ಅವರದು ಒಂದು ಹಣ್ಣಿನ ಹೆಸರು. ಆದ್ದರಿಂದ ನಮ್ಮ ಮನೆಯಲ್ಲಿ ಆ ಹಣ್ಣಿಗೇ ಹೆಸರಿಲ್ಲ. ಖಿಯೆಮ್ ಅಂಗಡಿಯ ಮುಂದೆ ನಿಂತು ಬೆರಳು ತೋರಿಸಿ, "ಅದು, ಆ ಕೆಂಪಗಿರೋದು, ಟೊಮೇಟೊ ಅಲ್ಲ, ಅದರ ಪಕ್ಕದ್ದು" ಎನ್ನುತ್ತಾನೆ. ಅಂಗಡಿಯವಳು ಅವನನ್ನು ಮಂದಬುದ್ಧಿ ಎಂದೇ ತಿಳಿದಿದ್ದಾಳೆ.

ಕಳೆದ ವರ್ಷ ಸುಣ್ಣದಜ್ಜನ ಬಾಯಿ ಕಡ್ಡಿಯೂ ಹೋಗದಷ್ಟು ಕಿರಿದಾಯಿತು. ಅತ್ತೆ ಸೋಲಲಿಲ್ಲ. ತಲೆಪಿನ್ನಿನಿಂದ ಕೆರೆದರು. ಪಿನ್ನು ಡೊಂಕಾಯಿತು. ಸೈಕಲ್ಲಿನ ಕಡ್ಡಿ ತರಿಸಿ ಚುಚ್ಚಿದರು. ನಾನು ಅಕ್ಕಿ ಆರಿಸುತ್ತ ನೋಡುತ್ತಿದ್ದೆ.

"ಅಜ್ಜನಿಗೆ ನೋವಾಗುತ್ತೇನೋ ಅತ್ತೆ" ಎಂದೆ ಮೆತ್ತಗೆ.

"ಅಜ್ಜನಿಗೇನೂ ಆಗಿಲ್ಲ. ಸ್ವಲ್ಪ ಗಂಟಲು ಕಟ್ಟಿದೆ ಅಷ್ಟೆ. ನೀನು ಅಕ್ಕಿ ನೋಡು, ಕಲ್ಲು ಬಿಡ್ತಿದೀಯ."

ಮಾರನೆಯ ದಿನವೇ ಅಜ್ಜನ ಮೆರವಣಿಗೆ ಓಣಿಯ ತುದಿಯ ಹಲ್ಲಿನ ಡಾಕ್ಟರಲ್ಲಿಗೆ ಹೊರಟಿತು. ಡಾಕ್ಟರು ಬಾಲ್ಯದಲ್ಲಿ ಅತ್ತೆಯ ಕೈಯಿಂದ ಕಿವಿ ಹಿಂಡಿಸಿಕೊಂಡವರು, ಇಲ್ಲ ಎನ್ನುವ ಧೈರ್ಯ ಅವರಿಗಿಲ್ಲ. ಕುಡಿಕೆಯನ್ನು ಕುರ್ಚಿಯ ಮೇಲೆ ಕೂರಿಸಿದರು. ಅಭ್ಯಾಸಬಲದಿಂದ ನರ್ಸ್ ಅದರ ಕತ್ತಿಗೆ ಬಿಳಿಯ ಬಟ್ಟೆ ಕಟ್ಟಿದಳು. ಡಾಕ್ಟರು ದೀಪ ಬಗ್ಗಿಸಿ ಸಣ್ಣ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ವಯಸ್ಸು?" ಎಂದು ಕೇಳಿದರು. ಅದೂ ಅಭ್ಯಾಸ.

"ನನ್ನ ಯಜಮಾನಿಕೆಗೆ ಎಷ್ಟೋ ಅಷ್ಟು. ಬಾಯಿ ಬಿಡಿಸು ಸಾಕು, ಪ್ರವರ ಬೇಡ."

"ಅಜ್ಜಿ, ಮೆಷಿನ್ ಹಾಕಿದ್ರೆ ಬಿರುಕು ಬಿಡುತ್ತೆ. ಬಿರುಕು ಬಿಟ್ರೆ ಮನೆಗೆ ಒಳ್ಳೇದಲ್ಲ, ಅದು ನಿಮಗೇ ಗೊತ್ತು. ನನ್ನ ಕ್ಲಿನಿಕ್ಕಿಗಂತೂ ಒಳ್ಳೇದಲ್ಲವೇ ಅಲ್ಲ." ಡಾಕ್ಟರು ಕೈಗವಸು ತೆಗೆದರು. "ಇವರ ಬಾಯಿ ಮುಚ್ಚಿಹೋಗಿದೆ. ಇನ್ನು ಬಿಡೋದಿಲ್ಲ."

ನನ್ನ ಎದೆಯಲ್ಲಿ ತಮಟೆ ಬಾರಿಸಿದ ಹಾಗಾಯಿತು. ಮುಖ ಮಾತ್ರ ಸಪ್ಪೆ ಮಾಡಿಕೊಂಡೆ. ಸೊಸೆಯಂದಿರಿಗೆ ಇಷ್ಟು ವಿದ್ಯೆ ಬರುತ್ತದೆ.

ಹುಣ್ಣಿಮೆಯ ದಿನ ಅಜ್ಜನನ್ನು ಬೀಳ್ಕೊಟ್ಟೆವು. ಖಿಯೆಮ್ ಸ್ಕೂಟರ್ ಓಡಿಸಿದ, ನಡುವೆ ಅತ್ತೆ, ಹಿಂದೆ ನಾನು. ಅತ್ತೆಯ ತೊಡೆಯ ಮೇಲೆ ಅಜ್ಜ, ಅಜ್ಜನ ಮೇಲೆ ಅತ್ತೆಯ ಹೆಲ್ಮೆಟ್ಟು. "ನನ್ನ ತಲೆ ಗಟ್ಟಿ ಇದೆ, ಅವನದು ಮಣ್ಣು" ಎಂಬುದು ಅವರ ವಾದ. ಕಾಲುವೆ ದಂಡೆಯ ಆಲದ ಮರದಡಿ ಬಾಯಿ ಮುಚ್ಚಿದ ಹಳೆಯ ಕುಡಿಕೆಗಳು ಸಾಲಾಗಿ ಕೂತಿದ್ದವು, ನಿವೃತ್ತ ಗುಮಾಸ್ತರು ಪಾರ್ಕಿನಲ್ಲಿ ಕೂರುತ್ತಾರಲ್ಲ, ಹಾಗೆ. ಗುಡಿ ನೋಡಿಕೊಳ್ಳುವ ಕಾಪ್ ತಾತ ಒಂದು ಒಳ್ಳೆಯ ಬೇರು ತೋರಿಸಿದ. ಅತ್ತೆ ಅಜ್ಜನನ್ನು ಕೂರಿಸಿ, ಎಲೆಅಡಿಕೆ ಇಟ್ಟು, ಊದುಬತ್ತಿ ಹಿಡಿದು ಬಾಗಿದರು. ಅವರ ಬೆನ್ನು ನೋಡಿ ನನಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಆ ಗಳಿಗೆ ಬೇಗ ಮುಗಿಯಿತು, ಏಕೆಂದರೆ ದಾರಿಯಲ್ಲಿ ಹೊಸ ಕುಡಿಕೆ ಕೊಳ್ಳಲು ಸ್ಕೂಟರ್ ಎಲ್ಲೂ ನಿಲ್ಲಲಿಲ್ಲ.

"ಈ ತಿಂಗಳು ಕುಡಿಕೆ ಕೊಳ್ಳೋದಕ್ಕೆ ಒಳ್ಳೇದಲ್ಲ" ಎಂದರು ಅತ್ತೆ ಮನೆಯಲ್ಲಿ. ಮುಂದಿನ ತಿಂಗಳು ಖಿಯೆಮನ ಜಾತಕಕ್ಕೆ ಆಗುವುದಿಲ್ಲ. ಅದರ ಮುಂದಿನದು ಕೋಳಿಗಳಿಗೆ ಆಗಿಬರುವುದಿಲ್ಲ. ಅಲ್ಲಿಯವರೆಗೆ ಸುಣ್ಣ ಒಂದು ಮೊಸರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇರುತ್ತದೆ, ತಾತ್ಕಾಲಿಕವಾಗಿ. ಕುಡಿಕೆಯೇ ಇಲ್ಲದ ಮೇಲೆ ಯಜಮಾನಿಯೂ ಇಲ್ಲ. ಯಜಮಾನಿ ಇಲ್ಲದ ಮನೆಯನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ, ಆ ಕಷ್ಟವನ್ನು ಅವರೇ ಹೊರುತ್ತಾರಂತೆ. ನನಗೆ ಎಷ್ಟು ರೇಗಿತೆಂದರೆ ಹಿತ್ತಲಿಗೆ ಹೋಗಿ ಜಾಡಿಯ ಮುಚ್ಚಳ ತೆಗೆದು ವಾಸನೆ ಅಡುಗೆಮನೆಯ ಕಡೆಗೆ ಬೀಸಣಿಗೆಯಿಂದ ಬೀಸಿದೆ.

ಹೊಸ ತಿಂಗಳ ಮೊದಲ ದಿನ ಅತ್ತೆ ಅಜ್ಜನ ಯೋಗಕ್ಷೇಮ ವಿಚಾರಿಸಲು ಹೊರಟರು. ನಾನೂ ಹೋದೆ. ಬೇರಿನ ಮೇಲೆ ಅಜ್ಜನಿರಲಿಲ್ಲ. ದುಂಡನೆಯ ಗುರುತು ಮಾತ್ರ ಇತ್ತು.

"ಕಾಪ್! ಎಲ್ಲೋ ನನ್ನ ಅಜ್ಜ?"

ಕಾಪ್ ತಾತ ಮರದ ಹಿಂದೆ ಸರಿದ. "ಮ್ಯೂಸಿಯಮ್ಮಿನವರು ಬಂದಿದ್ರು ಅಮ್ಮಾವ್ರೇ. ಅಷ್ಟು ದಪ್ಪ ತುಟಿಯ ಅಜ್ಜನನ್ನ ಎಲ್ಲೂ ನೋಡಿಲ್ಲ, ಕೊಡಿ ಅಂದ್ರು. ನಾನಾಗಿ ಕೊಡಲಿಲ್ಲ. ದೇವರನ್ನ ಕೇಳಿದೆ."

ನಮ್ಮಲ್ಲಿ ದೇವರನ್ನು ಕೇಳುವುದು ಎರಡು ನಾಣ್ಯ ಎಸೆದು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹೂಂ ಅಂದ ಹಾಗೆ. ಎರಡೂ ಅಂಗಾತ ಬಿದ್ದರೆ ದೇವರು ನಗುತ್ತಿದ್ದಾನೆ, ಎರಡೂ ಬೋರಲು ಬಿದ್ದರೆ ಕೂಡದು.

"ಹೂಂ ಅಂದನೋ?"

"ಮೊದಲು ನಕ್ಕ."

"ಆಮೇಲೆ?"

"ಆಮೇಲೂ ನಕ್ಕ. ಆಮೇಲೆ ಕೂಡದು ಅಂದ. ಮ್ಯೂಸಿಯಮ್ಮಿನ ಹುಡುಗಿ ಪಾಪ ಬಿಸಿಲಲ್ಲಿ ನಿಂತಿದ್ದಳು, ಅದಕ್ಕೆ ಇನ್ನೂ ಕೇಳಿದೆ. ಕಡೆಗೆ ಹೂಂ ಅಂದ."

"ನಿನ್ನ ಕಾಟಕ್ಕೆ ಅಂದಿದಾನೆ! ಬಾ, ನಡಿ ಮುಂದೆ. ನೀನೇ ಬಂದು ವಾಪಸ್ ಕೇಳು."

ಮ್ಯೂಸಿಯಂ ಅರಮನೆಯ ಹತ್ತಿರದ ಒಂದು ಹಳೆಯ ಮರದ ಮನೆ, ಚಿಕ್ಕದು. ಹೊಸ್ತಿಲ ಹತ್ತಿರ ಅತ್ತೆ ಅಭ್ಯಾಸದಂತೆ ಚಪ್ಪಲಿ ಬಿಟ್ಟರು. ಕಾವಲಿನವನು ಬೇಡ ಎಂದರೂ ಕೇಳಲಿಲ್ಲ. ಒಳಗೆ ಗುಡಿಗಳಿಂದ ಬಂದ ಬುದ್ಧರು, ಕಾವಲು ದೇವರುಗಳು, ಗಂಟೆಗಳು. ಅತ್ತೆ ಒಂದೊಂದಕ್ಕೂ ನಿಂತು ಕೈಮುಗಿಯುತ್ತ, ಕಾಪ್ ತಾತನನ್ನು ಬೈಯುತ್ತ ನಡೆದರು. ದೇವರಿಗೊಂದು ನಮಸ್ಕಾರ, ತಾತನಿಗೊಂದು ಬೈಗುಳ. ಒಮ್ಮೆ ಎರಡೂ ಅದಲುಬದಲಾಗಿ ಯಾವುದೋ ಕಾವಲು ದೇವರಿಗೆ "ಹಾಳಾಗ್ಹೋಗು ಮುದಿಯ" ಎಂದುಬಿಟ್ಟು, ಗಲ್ಲ ಬಡಿದುಕೊಂಡರು.

ಕೊನೆಯ ಕೋಣೆಯಲ್ಲಿ ಸಿಕ್ಕಿದ ನಮ್ಮ ಅಜ್ಜ. ಗಾಜಿನ ಪೆಟ್ಟಿಗೆ, ಕೆಳಗೆ ಹಳದಿ ರೇಷ್ಮೆ, ಮೇಲಿನಿಂದ ದೀಪ. ಒಂದು ಪಕ್ಕ ಮಂತ್ರಿಯೊಬ್ಬನ ಪೀಕದಾನಿ, ಇನ್ನೊಂದು ಪಕ್ಕ ರಾಣಿಯೊಬ್ಬಳ ಬಾಚಣಿಗೆ.

ಅತ್ತೆ ಬೈಗುಳ ನಿಲ್ಲಿಸಿದರು. ಅಜ್ಜನನ್ನು ನೋಡಿದರು, ಪೀಕದಾನಿ ನೋಡಿದರು, ಮತ್ತೆ ಅಜ್ಜನನ್ನು ನೋಡಿದರು. ಮುಖದ ಮೇಲೆ ನಿಧಾನಕ್ಕೆ ಒಂದು ಬೆಳಕು ಬಂತು.

"ನೋಡಿದೆಯೇನೆ ಡೊಂಗ್ ಬಾ? ಅರಮನೆಯಿಂದ ಕರೆ ಬಂದಿದೆ. ಇವನಿಗೆ ನಿವೃತ್ತಿ ಆಗಿಲ್ಲ, ಬಡ್ತಿ ಆಗಿದೆ!"

"ಆದರೂ ಬಾಯಿ ಮುಚ್ಚಿದೆಯಲ್ಲ ಅತ್ತೆ."

"ದೊಡ್ಡ ಹುದ್ದೆಯವರು ಬಾಯಿ ಮುಚ್ಚಿಕೊಂಡೇ ಇರೋದು. ಅಜ್ಜ ಹುದ್ದೆಯಲ್ಲಿರೋವರೆಗೆ ಹೊಸ ಕುಡಿಕೆಯ ಮಾತೇ ಇಲ್ಲ."

ಮುಗಿಯಿತು ಎಂದುಕೊಂಡೆ. ಗಾಜಿನ ಪೆಟ್ಟಿಗೆಯೊಳಗಿನ ಕುಡಿಕೆಗೆ ಸಾವಿಲ್ಲ. ನನ್ನ ಜಾಡಿ ಕೋಳಿಗಳ ಜೊತೆಯೇ ಮುದಿಯಾಗುತ್ತದೆ, ನಾನೂ ಆಗುತ್ತೇನೆ. ಅತ್ತೆಯ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚಾಗಿ, ಒಂದು ಮಣ್ಣಿನ ಪಾತ್ರೆ ನನ್ನನ್ನು ಸೋಲಿಸಿತಲ್ಲ ಎಂದು ನಾಚಿಕೆಯಾಯಿತು. ಅಷ್ಟರಲ್ಲಿ ಅತ್ತೆ ಕನ್ನಡಕ ಏರಿಸಿ ಪೆಟ್ಟಿಗೆಯ ಕೆಳಗಿನ ಫಲಕವನ್ನು ಓದಿದರು. ಗಟ್ಟಿಯಾಗಿಯೇ ಓದಿದರು.

"'ಸುಣ್ಣದ ಕುಡಿಕೆ. ಒಡೆತನ: ತಿಳಿದುಬಂದಿಲ್ಲ.' ತಿಳಿದುಬಂದಿಲ್ವಾ? ಏನು ಇದು, ಬೀದಿಯಲ್ಲಿ ಬಿದ್ದಿದ್ದ ಮಗೂನಾ? ಯಾರು ಬರೆದದ್ದು? ಕರೀರಿ!"

ಓಡಿ ಬಂದವಳು ಉಯೆನ್ ಎಂಬ ಹುಡುಗಿ, ಬಿಸಿಲಲ್ಲಿ ನಿಂತಿದ್ದವಳು ಇವಳೇ. ಬೈಯಿಸಿಕೊಂಡರೂ ಕಣ್ಣರಳಿಸಿದಳು. "ನಿಮ್ಮದಾ ಅಜ್ಜಿ? ಎಷ್ಟು ಒಳ್ಳೇದಾಯ್ತು! ಹೆಸರು ಹೇಳಿ, ಇವತ್ತೇ ಫಲಕ ಬದಲಾಯಿಸ್ತೀನಿ."



ತಮ್ಮ ಹೆಸರನ್ನು ತಾವೇ ಸಾರುವುದು ಅತ್ತೆಗೆ ಗೌರವವಲ್ಲ. ಉಯೆನ್ ನನ್ನ ಕಡೆ ತಿರುಗಿದಳು. ನಾನು ಹೇಗೆ ಹೇಳಲಿ? ಹಣ್ಣಿನ ಹೆಸರನ್ನೇ ಬಿಟ್ಟವಳು. ಕಾಪ್ ತಾತ ಸೂರು ನೋಡಿದ.

"ಹಣ್ಣಿನ ಹೆಸರು" ಎಂದೆ ಕಡೆಗೆ. "ಕೆಂಪಗಿರುತ್ತೆ. ಟೊಮೇಟೊ ಅಲ್ಲ."

"ಟೊಮೇಟೊ ಅಲ್ಲ" ಎಂದು ತಾತನೂ ಸಾಕ್ಷಿ ಹೇಳಿದ.

ಅತ್ತೆ ಈ ನಡುವೆ ಅಕ್ಕಪಕ್ಕದ ಫಲಕಗಳನ್ನು ಓದುತ್ತಿದ್ದರು. ಪೀಕದಾನಿಯ ಮಂತ್ರಿ, ಬಾಚಣಿಗೆಯ ರಾಣಿ, ಆಚೆಗಿನ ಛತ್ರಿಯ ಯಾವನೋ ಅಧಿಕಾರಿ. ಓದಿದಷ್ಟೂ ಅವರ ಮುಖ ಬಿಳುಚಿಕೊಂಡಿತು.

"ಏ ಹುಡುಗಿ, ಇವರೆಲ್ಲ ಎಲ್ಲಿದಾರೆ ಈಗ?"

"ಎಲ್ಲಾ ತೀರಿಹೋಗಿದಾರೆ ಅಜ್ಜಿ. ಯಾವ ಕಾಲದ ಮಾತು."

"ಒಬ್ಬನೂ ಬದುಕಿಲ್ವಾ?"

"ಛೆ, ಇಲ್ಲ."

ಹೆಸರು ಬರೆದು, ದೀಪ ಹಚ್ಚಿ, ಜನ ಮುಂದೆ ನಿಂತು ನೋಡುವ ಜಾಗ ನಮ್ಮಲ್ಲಿ ಪ್ರತಿ ಮನೆಯಲ್ಲೂ ಒಂದಿರುತ್ತದೆ, ಸತ್ತ ಹಿರಿಯರ ಪೀಠ. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಕುಡಿಕೆ ತಂದುಕೊಟ್ಟ ಅವರ ಅತ್ತೆಯ ಹೆಸರು ಹೇಳಬಹುದಿತ್ತು, ಆದರೆ ಸತ್ತ ಹಿರಿಯರ ಹೆಸರಿನ ಕಟ್ಟಳೆ ಬದುಕಿರುವ ಹಿರಿಯರದಕ್ಕಿಂತ ಬಿಗಿ. ತಿಳಿದುಬಂದಿಲ್ಲ ಎಂದೇ ಬಿಡೋಣವೆಂದರೆ ಮನೆತನದ ಮಾನದ ಪ್ರಶ್ನೆ. ಅವರ ಕಣ್ಣು ಕೋಣೆಯೆಲ್ಲ ಸುತ್ತಿ ನನ್ನ ಮೇಲೆ ಬಂದು ನಿಂತಿತು.

"ಬರ್ಕೋ" ಎಂದರು. "ಫಾನ್ ಥಿ ಥೋವಾ. ಮನೆಯ ಯಜಮಾನಿ."

ಅದು ನನ್ನ ಹೆಸರು. ಇಪ್ಪತ್ತು ವರ್ಷದ ಮೇಲಾಯಿತು ಆ ಮನೆ ಸೇರಿ, ಅತ್ತೆಯ ಬಾಯಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು. ಅದೂ ಪೂರ್ತಿ ಹೆಸರು, ಜೊತೆಗೆ ಯಜಮಾನಿ. ಮರುಗಳಿಗೆಯೇ, ನನ್ನನ್ನು ಪೀಕದಾನಿಯ ಪಕ್ಕ ಜೀವಂತ ಹೂಳುತ್ತಿದ್ದಾರೆ ಎಂದೂ ಅರ್ಥವಾಯಿತು.

"ಅತ್ತೆ, ನಾನಿನ್ನೂ ಬದುಕಿದೀನಿ!"

"ನಿನಗಿನ್ನೂ ವಯಸ್ಸಿದೆ, ತಡ್ಕೋತೀಯ."

ಮುಂದಿನ ಹುಣ್ಣಿಮೆಗೆ ಅಜ್ಜನನ್ನು ನೋಡಲು ಹೋದಾಗ ಹೊಸ ಫಲಕ ಬಂದಿತ್ತು. ಗಾಜಿನ ಮುಂದೆ ಯಾರೋ ಎರಡು ಕಿತ್ತಲೆ, ಒಂದು ಸೇವಂತಿಗೆ ಇಟ್ಟಿದ್ದರು. ಊದುಬತ್ತಿ ಮಾತ್ರ ಕೂಡದೆಂದು ಕಾವಲಿನವನು ಜಗಳವಾಡಿ ತಡೆದಿದ್ದನಂತೆ. ಸುಣ್ಣದಜ್ಜ ಎಂದರೆ ನಮ್ಮ ಜನಕ್ಕೆ ಕೈ ತಾನಾಗಿ ಮೇಲೆ ಹೋಗುತ್ತದೆ, ಎಲ್ಲಿದ್ದರೇನು. ಬೇರೆ ಊರಿನ ಒಬ್ಬ ಹೆಂಗಸು ಫಲಕ ಓದಿ ಕಣ್ಣು ಮುಚ್ಚಿ ನನ್ನ ಹೆಸರಿಗೆ ಕೈಮುಗಿದಳು.

"ಪಾಪ, ಯಾವ ಪುಣ್ಯಾತ್ಮಳೋ" ಎಂದಳು ಅತ್ತೆಯ ಕಡೆ ತಿರುಗಿ. "ಎಷ್ಟು ವರ್ಷ ಎಲೆಅಡಿಕೆ ಹಂಚಿದ್ರೆ ಇಷ್ಟು ದಪ್ಪ ತುಟಿ ಬರಬೇಕು! ದೊಡ್ಡ ಮನಸ್ಸಿನವಳು ಇದ್ದಿರಬೇಕು ಅಲ್ವಾ?"

ನಾನು ಪಕ್ಕದಲ್ಲೇ ನಿಂತಿದ್ದೆ.

"ಪರವಾಗಿಲ್ಲ" ಎಂದರು ಅತ್ತೆ. "ಅಡುಗೆಗೆ ಉಪ್ಪು ಸ್ವಲ್ಪ ಮುಂದಾಗಿ ಹಾಕ್ತಿದ್ದಳು."

"ನಿಮಗೆ ಗೊತ್ತಿತ್ತಾ ಅವರು?"

"ಗೊತ್ತಿಲ್ದೆ? ಬಾಯಿ ಜೋರು. ಆದರೆ ನಾನು ಕಾಲು ಮುರ್ಕೊಂಡು ಮಲಗಿದ್ದಾಗ ಮೂರು ತಿಂಗಳು ನನ್ನ ತಲೆ ಬಾಚಿದಳು. ಒಂದು ದಿನವೂ ಎಳೆದು ಬಾಚಲಿಲ್ಲ."

ಅದು ಅವರಿಗೆ ನೆನಪಿದೆ ಎಂದೇ ನನಗೆ ಗೊತ್ತಿರಲಿಲ್ಲ. ನಾನು ಬಾಚಣಿಗೆಯ ರಾಣಿಯ ಕಡೆ ಮುಖ ತಿರುಗಿಸಿದೆ, ಅಳುವುದು ಕಾಣಬಾರದಲ್ಲ.

"ನಿಮಗೇನಾಗಬೇಕು?" ಎಂದು ಹೆಂಗಸು ಕೇಳಿದಳು.

ಅತ್ತೆ ಫಲಕದ ಕಡೆ ನೋಡಿದರು. "ನಮ್ಮ ಮನೆ ಯಜಮಾನಿ."

ಹೆಂಗಸು ಅತ್ತೆಯ ಕೈ ಒತ್ತಿ ಸಮಾಧಾನ ಹೇಳಿ, ಅಲ್ಲೇ ಮೂಗೊರೆಸಿಕೊಳ್ಳುತ್ತಿದ್ದ ನನ್ನ ಬೆನ್ನನ್ನೂ ಸವರಿ ಹೋದಳು. "ಅಳಬೇಡಮ್ಮ, ಒಳ್ಳೇ ಜಾಗ ಸೇರಿದಾರೆ" ಎಂದಳು ನನಗೆ, ನನ್ನ ಬಗ್ಗೆಯೇ.

ಹಿಂದಿರುಗುವಾಗ ಅತ್ತೆ ಖಿಯೆಮನ ಬೆನ್ನಿಗೆ ಗುದ್ದಿ ಡೊಂಗ್ ಬಾ ಮಾರುಕಟ್ಟೆಯ ಮುಂದೆ ಸ್ಕೂಟರ್ ನಿಲ್ಲಿಸಿದರು. ಪಾತ್ರೆಯ ಅಂಗಡಿಯಲ್ಲಿ ಒಂದು ಸಣ್ಣ ಹಸಿರು ಕುಡಿಕೆಯನ್ನು ಮೂರು ಸಲ ಎತ್ತಿ ಇಟ್ಟು, ನಾಲ್ಕನೆಯ ಸಲ ಕೊಂಡರು. ಆಮೇಲೆ ಸೀದಾ ನನ್ನ ತಾಯಿಯ ಅಂಗಡಿಗೆ ನಡೆದರು, ಹುಟ್ಟಿದ ಮೇಲೆ ಮೊದಲ ಸಲ. ನನ್ನ ತಾಯಿಗೆ ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿದ್ದರು, ಮಗಳ ಹೆಸರು ಮ್ಯೂಸಿಯಮ್ಮಿನಲ್ಲಿದೆ ಎಂದು. ನನ್ನನ್ನು ಕಂಡವಳೇ ಸೌಟು ಬಿಟ್ಟು ಚೀರಿದಳು. ಬದುಕಿದ್ದೇನೆ ಎಂದು ಒಪ್ಪಿಸಲು ನಾನು ಅವಳಿಗೆ ಎರಡು ಸಲ ಬೈಯಬೇಕಾಯಿತು. ಆ ದನಿ ಕೇಳಿದ ಮೇಲೆ ನಂಬಿದಳು.

ಮನೆಗೆ ಬಂದು ಅತ್ತೆ ಹೊಸ ಕುಡಿಕೆಗೆ ಸುಣ್ಣ ತುಂಬಿ, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟರು. ಮೊಸರಿನ ಡಬ್ಬಿಯನ್ನು ಖಿಯೆಮ್ ಎಸೆಯಲು ಹೋದಾಗ, "ಇರಲಿ ಬಿಡು, ಕೋಳಿಗೆ ನೀರಿಡೋಕಾಗುತ್ತೆ" ಎಂದರು. ಆಮೇಲೆ ಹಿತ್ತಲ ಕಡೆ ನೋಡಿ, "ಆ ಜಾಡೀನ ಒಳಗೆ ತಾ. ಕೋಳಿಗಳಿಗೆ ನಿದ್ದೆ ಇಲ್ಲ ಆ ವಾಸನೆಗೆ."

ನಾನು ಜಾಡಿ ತಂದು ಒಲೆಯ ಪಕ್ಕ ಇಟ್ಟೆ. ನನಗೇನೂ ಎಲೆಅಡಿಕೆ ಹಾಕುವ ಅಭ್ಯಾಸವಿಲ್ಲ, ಆದರೂ ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತೆ. ಅತ್ತೆ ಎದುರಿನ ಚಾಪೆಯಲ್ಲಿ ಎಲೆ ಬಿಡಿಸಿದರು, ಅಡಿಕೆ ಹೋಳು ಇಟ್ಟರು, ಅಭ್ಯಾಸದಂತೆ ಕೈ ಪಕ್ಕಕ್ಕೆ ಚಾಚಿದರು. ಅಲ್ಲಿ ಏನೂ ಇರಲಿಲ್ಲ. ಕೈ ಒಂದು ಗಳಿಗೆ ಹಾಗೇ ನಿಂತಿತು.

"ಒಂಚೂರು ಸುಣ್ಣ ಕೊಡ್ತೀಯಾ ಥೋವಾ?" ಎಂದರು.

ಸ್ವಲ್ಪ ಕಾಯಿಸಿದೆ. ಕಾಯಿಸುವ ಹಕ್ಕು ನನಗೆ ಬಂದಿತ್ತು, ಉಪಯೋಗಿಸದೆ ಬಿಡಲೇ? ಆಮೇಲೆ ಎದ್ದು ಹೋಗಿ ಅವರ ಎಲೆಗೆ ನಾನೇ ಹಚ್ಚಿದೆ, ಬಾಯಿ ಸುಡುತ್ತದೆ ಎಂದು ಗೊತ್ತಿದ್ದೂ ಒಂದು ಕಡ್ಡಿ ಹೆಚ್ಚಾಗಿಯೇ. ಅತ್ತೆ ಮಡಿಸಿ ಬಾಯಿಗೆ ಹಾಕಿಕೊಂಡು ಅಗಿದರು. ಕಣ್ಣಲ್ಲಿ ನೀರು ಬಂದರೂ ಮುಖ ಹಿಂಡಲಿಲ್ಲ.

"ಹದವಾಗಿದೆ" ಎಂದರು.

ನಾನು ಕಡ್ಡಿಯನ್ನು ಕುಡಿಕೆಯ ಬಾಯಿಗೆ ಒರೆಸಿದೆ.